ಗಿರಾಕಿ ನಡೆದು ಬರಬೇಕು

ಫೆಬ್ರವರಿ ೩, ಸೋಮವಾರ

ಇವತ್ತು ಕಾರ್ಯದರ್ಶಿಗಳು ಬಂದು, "ಮೇಟ್ರನ್, ಮುಂದಿನ ವಾರದಿಂದ ಒಬ್ಬ ಫಿಸಿಯೋಥೆರಪಿಸ್ಟ್ ಬರ್ತಾರೆ. ನಮ್ಮ ಹಿರಿಯರು ತುಂಬಾ ಹೊತ್ತು ಕೂತೇ ಇರ್ತಾರೆ ಅಂತ ಆಡಳಿತ ಮಂಡಳಿಯವರಿಗೆ ಅನ್ನಿಸಿದೆ" ಅಂದರು. ನಾನು "ಆಗಲಿ ಸರ್" ಅಂದೆ. ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ, ಇದನ್ನು ಓದೋರು ಯಾರೂ ಇಲ್ಲವಲ್ಲ. ಈ ವಯಸ್ಸಿನಲ್ಲಿ ಕೂರದೆ ಇನ್ನೇನು ಓಡುತ್ತಾರಾ?

ಈ ವೃದ್ಧಾಶ್ರಮದ ಕೆಳಮಹಡಿ ನನ್ನ ಕೈಗೆ ಬಂದ ಮೇಲೆ ಇಲ್ಲಿ ಒಬ್ಬರೂ ಬಿದ್ದಿಲ್ಲ. ಮೇಲ್ಮಹಡಿಯ ಮೇಟ್ರನ್ ಈ ಮಾತು ಹೇಳಲಿ ನೋಡೋಣ. ತಿಂಡಿಯ ಹೊತ್ತಿಗೆ ನಮ್ಮವರಿಗೆಲ್ಲ ಸ್ನಾನ ಮಾಡಿಸಿ, ಬಟ್ಟೆ ತೊಡಿಸಿ, ತಲೆ ಬಾಚಿ, ಹಾಲಿನಲ್ಲಿ ಸಾಲಾಗಿ ಕೂರಿಸಿ ಆಗಿರುತ್ತದೆ. ಆ ಮೆತ್ತನೆಯ ಕುಶನ್ ಕುರ್ಚಿಗಳನ್ನು ಅಂಗಡಿ ಅಂಗಡಿ ಸುತ್ತಿ ಆರಿಸಿದವಳು ನಾನೇ. ಹೊರಗಿನವರು ಬಾಗಿಲಲ್ಲಿ ನಿಂತು ನೋಡಿ "ಎಷ್ಟು ಅಚ್ಚುಕಟ್ಟು" ಅನ್ನದೆ ಹೋಗುವುದಿಲ್ಲ. ಗಲಾಟೆ ಇಲ್ಲ, ಓಡಾಟ ಇಲ್ಲ. ಟಿವಿಯೊಂದು ಮಾತಾಡಿಕೊಂಡಿರುತ್ತದೆ.

ಏಳನೇ ಕೋಣೆಯದು ಮಾತ್ರ ಸ್ವಲ್ಪ ತೊಂದರೆ. ಏಳನೇ ಕೋಣೆ ಕೊಟ್ಟಿದ್ದೇ ತಪ್ಪೋ ಏನೋ, ಬಂದಾಗಿನಿಂದ ಆ ಅಜ್ಜನಿಗೆ ಏಳೋದೇ ಕೆಲಸ. ಅದಕ್ಕೇ ಅವರ ಕುರ್ಚಿಯ ಮುಂದಕ್ಕೆ ಚಕ್ರದ ಮೇಜು ಎಳೆದು ಬ್ರೇಕ್ ಹಾಕಿಡುತ್ತೇವೆ. ಈಗ ಶಾಂತವಾಗಿದ್ದಾರೆ. ಮೇಜಿನ ಮೇಲೆ ಕೈಯಿಟ್ಟು ಎರಡು ಬೆರಳನ್ನು ಕೂಡಿಸಿ ಬಿಡಿಸಿ, ಕೂಡಿಸಿ ಬಿಡಿಸಿ ಮಾಡುತ್ತಿರುತ್ತಾರೆ. ನರದ ತೊಂದರೆ ಇರಬೇಕು. ಡಾಕ್ಟರಿಗೆ ಹೇಳಬೇಕು.

ಫೆಬ್ರವರಿ ೧೦, ಸೋಮವಾರ

ಫಿಸಿಯೋ ಬಂದಳು. ನನ್ನ ವಯಸ್ಸಿನವಳೇ, ನನಗಿಂತ ದಪ್ಪ. "ವ್ಯಾಯಾಮ ಹೇಳಿಕೊಡೋರು ಹೀಗಿರ್ತಾರಾ?" ಅಂತ ಆಯಾ ನನ್ನ ಕಿವಿಯಲ್ಲಿ ಅಂದಳು. ಹಾಲಿನಲ್ಲಿ ಒಂದು ಸುತ್ತು ಹಾಕಿದ ಫಿಸಿಯೋ, ಒಂದು ಖಾಲಿ ಕುಶನ್ ಕುರ್ಚಿಯಲ್ಲಿ ಕೂತಳು. ಕೂತವಳು ಹಾಗೇ ಒಳಕ್ಕೆ ಇಳಿದುಹೋದಳು. ಆಮೇಲೆ ಏಳಲು ನೋಡಿದಳು, ಆಗಲಿಲ್ಲ.

"ಮೇಟ್ರನ್, ಸ್ವಲ್ಪ ಕೈ ಕೊಡ್ತೀರಾ?"

ಕೊಟ್ಟೆ. ಎಳೆದೆ. ಇಬ್ಬರಿಗೂ ಏದುಸಿರು ಬಂತು. ನನಗೆ ನಗು ತಡೆಯಲಾಗಲಿಲ್ಲ, ಅವಳೂ ನಕ್ಕಳು. ನಗುತ್ತಲೇ, "ನನ್ನ ಕೈಲೇ ಆಗ್ಲಿಲ್ಲ, ಇವರ ಕೈಲಿ ಹೇಗೆ ಆಗತ್ತೆ?" ಅಂದಳು. ಅಲ್ಲಿಗೆ ನನ್ನ ನಗು ನಿಂತಿತು.

"ಅವರು ಯಾಕೆ ಏಳಬೇಕು? ಬೇಕಾದ್ದೆಲ್ಲ ಕೂತಲ್ಲಿಗೇ ಬರತ್ತೆ."

"ಅದೇ ಕಷ್ಟ ಆಗಿರೋದು" ಅಂದಳು. "ನಾನು ಕಸರತ್ತು ಮಾಡಿಸೋಕೆ ಬಂದಿಲ್ಲ ಮೇಟ್ರನ್. ಒಂದು ಹೊತ್ತು ಕೈಕಾಲು ಆಡಿಸಿ ಮಿಕ್ಕ ಹೊತ್ತೆಲ್ಲ ಕೂತ್ರೆ ಏನ್ ಬಂತು? ಆಗಾಗ ಎದ್ದರೆ ಸಾಕು. ಚಹಾ ತಗೊಳ್ಳೋಕೆ ಏಳಲಿ, ಕಿಟಕಿ ತೆಗೆಯೋಕೆ ಏಳಲಿ. ಏಳೋದನ್ನ ಬಿಟ್ಟರೆ ಕಾಲಿಗೆ ಅದು ಮರೆತೇ ಹೋಗತ್ತೆ."

"ಬಿದ್ದರೆ?"

"ಬೀಳಬಹುದು."

ಎಷ್ಟು ಸಲೀಸಾಗಿ ಹೇಳಿಬಿಟ್ಟಳು. ಬಿದ್ದವರ ಮಗನಿಗೋ ಮಗಳಿಗೋ ಫೋನ್ ಮಾಡೋಳು ಇವಳಲ್ಲವಲ್ಲ.

ಆಮೇಲೆ ಏಳನೇ ಕೋಣೆಯ ಅಜ್ಜನ ಮುಂದಿದ್ದ ಮೇಜಿನ ಬ್ರೇಕನ್ನು ಕಾಲಲ್ಲಿ ತೆಗೆದು, "ಇವರು ಏನ್ ಕೆಲಸ ಮಾಡ್ತಿದ್ರು?" ಅಂತ ಕೇಳಿದಳು. ಅವರ ರಕ್ತದೊತ್ತಡ, ಸಕ್ಕರೆ, ರಾತ್ರಿಯ ಮಾತ್ರೆ ಎಲ್ಲ ನನ್ನ ನಾಲಿಗೆ ತುದಿಯಲ್ಲಿದೆ. ಇದೊಂದು ಗೊತ್ತಿರಲಿಲ್ಲ. ಅಜ್ಜನೇ ಹೇಳಿದರು.

"ಸಲೂನ್ ಇತ್ತು ತಾಯಿ. ನನ್ನದೇ. ಗಿರಾಕಿ ಕೂರ್ತಿದ್ರು, ನಾನು ನಿಂತಿರ್ತಿದ್ದೆ. ಕೂತು ಅಭ್ಯಾಸವೇ ಇಲ್ಲ."

ಹಾಗಾದರೆ ಆ ಬೆರಳುಗಳದ್ದು ನರದ ತೊಂದರೆಯಲ್ಲ. ಡಾಕ್ಟರಿಗೆ ಹೇಳೋ ಕೆಲಸ ತಪ್ಪಿತು.

ಫೆಬ್ರವರಿ ೧೩, ಗುರುವಾರ

ಫಿಸಿಯೋ ಹೇಳಿದ ಹಾಗೆ ಚಹಾದ ಟ್ರಾಲಿಯನ್ನು ಗೋಡೆ ಪಕ್ಕ ನಿಲ್ಲಿಸಿದೆವು. ಬೇಕಾದವರು ಎದ್ದು ಬಂದು ತಗೊಳ್ಳಬೇಕು. ಕಾರ್ಯದರ್ಶಿಗಳ ಅಪ್ಪಣೆ, ನಾನೇನು ಮಾಡಲಿ.

ಮೂರನೇ ಕೋಣೆಯಾಕೆ, ಹಿಂದೆ ಗಣಿತದ ಟೀಚರ್ ಆಗಿದ್ದವರು, "ನಾನು ಬೇಡೋಕೆ ಬಂದಿಲ್ಲ" ಅಂತ ಮುಖ ತಿರುಗಿಸಿದರು. ಐದನೇ ಕೋಣೆಯವರನ್ನು ಆಯಾ "ದೊರೆ" ಅಂತ ಕರೆಯುತ್ತಾಳೆ, ಎಲ್ಲರಿಗೂ ಅಪ್ಪಣೆ ಕೊಡುತ್ತಾರೆ ಅಂತ. ಅವರು ಕೂತಲ್ಲಿಂದಲೇ ಟ್ರಾಲಿಗೆ ಅಪ್ಪಣೆ ಕೊಟ್ಟರು. ಟ್ರಾಲಿ ಬರಲಿಲ್ಲ.

ಎದ್ದದ್ದು ಏಳನೇ ಕೋಣೆ ಒಬ್ಬರೇ. ಗೋಡೆ ಹಿಡಿದು ಹೋದರು, ಬರುವಾಗ ಅರ್ಧ ಲೋಟ ನೆಲಕ್ಕೆ, ಅರ್ಧ ಅಂಗಿಗೆ. ಒರೆಸಿದ್ದು ನಾನು. ಎರಡನೇ ಸಲ ಚಹಾ ಹಾಕಿಸಿಕೊಂಡು ಬಂದು ದೊರೆಯ ಕೈಗೆ ಕೊಟ್ಟರು. ತಮಗೆ ಅಂತ ಮೂರನೇ ಸಲ ಹೋದರು. ನಾನು ಒರೆಸುವ ಬಟ್ಟೆ ಕೆಳಗಿಡಲಿಲ್ಲ.

ಇದು ಒಂದು ವಾರ ನಡೆದರೆ ಹೆಚ್ಚು.

ಫೆಬ್ರವರಿ ೨೧, ಶುಕ್ರವಾರ

ಬಡಗಿ ಬಂದು ಕುರ್ಚಿಗಳ ಕಾಲ ಕೆಳಗೆ ಮರದ ತುಂಡು ಕೊಟ್ಟು ಎತ್ತರ ಮಾಡಿದ. ಕುಶನ್ ಕೆಳಗೆ ಹಲಗೆ ಹಾಕಿದ. ನನ್ನ ಕುರ್ಚಿಗಳೆಲ್ಲ ಈಗ ಮೊಣಕಾಲು ನೋವಿನವರ ಹಾಗೆ ಬಿಗಿದುಕೊಂಡು ನಿಂತಿವೆ. ನೋಡೋಕೆ ಚೆಂದ ಇಲ್ಲ. ಏಳೋಕೆ ಸುಲಭವಂತೆ. ಇರಬಹುದು.

ಇವತ್ತು ನನಗೆ ನಿಜವಾಗಿ ಬೇಜಾರಾದ ಸಂಗತಿ ಬೇರೆ. ಸಲೂನಿನ ಅಜ್ಜ ಎದ್ದು ದೊರೆಯ ಕುರ್ಚಿಯ ಹಿಂದೆ ಹೋಗಿ ನಿಂತರು. ಅವರ ಕಾಲರ್ ಸರಿ ಮಾಡಿದರು. ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಆಮೇಲೆ, ಯಾರೋ ಸತ್ತ ಸುದ್ದಿ ಕೇಳುವ ದನಿಯಲ್ಲಿ, "ಇದನ್ನ ಯಾರು ಮಾಡಿದ್ದು?" ಅಂದರು.

ಇಲ್ಲಿ ಎಲ್ಲರ ಕೂದಲು ಕತ್ತರಿಸೋದು ನಾನು. ಹೊರಗಿಂದ ಯಾರನ್ನೂ ಕರೆಸದೆ, ನನ್ನ ಬಿಡುವಿನ ಹೊತ್ತಿನಲ್ಲಿ. ಒಂದೇ ಅಳತೆ, ಒಂದೇ ಥರ, ತೊಳೆಯೋಕೂ ಬಾಚೋಕೂ ಸುಲಭ.

"ನಾನು. ಯಾಕೆ, ಏನಾಗಿದೆ?" ಅಂದೆ.

"ಏನಿಲ್ಲ" ಅಂದರು. "ತಟ್ಟೆ ಬೋರಲು ಹಾಕಿ ಸುತ್ತ ಕತ್ತರಿಸಿದ್ದೀರಾ ಅಂದ್ಕೊಂಡೆ."

ಮೂರನೇ ಕೋಣೆಯಾಕೆ ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಇದೇ ಮೊದಲು. ನಗುವ ವಿಷಯ ನನ್ನ ಕಟಿಂಗೇ ಆಗಬೇಕಿತ್ತಾ.

"ಒಂದು ಕತ್ತರಿ ಕೊಡಿ ಮೇಟ್ರಮ್ಮ" ಅಂದರು ಅಜ್ಜ.

ಕತ್ತರಿಯಂತೆ. ಕೈ ನಡುಗುವವರಿಗೆ, ಗೋಡೆ ಹಿಡಿದು ನಡೆಯುವವರಿಗೆ. ಕೊಡಲಿಲ್ಲ.

ಮಾರ್ಚ್ ೩, ಸೋಮವಾರ

ಕೊಟ್ಟೆ.

ಒಂದು ವಾರದಿಂದ ಬಾಚಣಿಗೆ ಮಾತ್ರ ಕೊಟ್ಟಿದ್ದೆ. ಯಾರು ಸಿಕ್ಕರೂ ಅವರ ತಲೆ ಬಾಚುತ್ತಿದ್ದರು. ಬಾಚುವಾಗ ಕೈ ನಡುಗುವುದಿಲ್ಲ ಅಂತ ಫಿಸಿಯೋ ನನಗೆ ತೋರಿಸಿದಳು. ನಾನು ಮೊದಲೇ ಗಮನಿಸಿದ್ದೆ. ಚಹಾ ಲೋಟ ಹಿಡಿದರೆ ನಡುಗುವ ಕೈ ಬಾಚಣಿಗೆ ಹಿಡಿದರೆ ನಿಲ್ಲುತ್ತದೆ. ಡ್ರೆಸ್ಸಿಂಗ್ ಕೋಣೆಯ ಮೊಂಡು ತುದಿಯ ಕತ್ತರಿಯನ್ನು ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಕಿವಿಯ ಹತ್ತಿರ ಒಯ್ದು ಎರಡು ಸಲ ಆಡಿಸಿ ಸದ್ದು ಕೇಳಿ, "ಸಾಣೆ ಹಿಡಿಸಬೇಕು" ಅಂದರು. ಹಿಡಿಸಿಕೊಂಡು ಬಂದೆ. ಎರಡು ಬೀದಿ ಆಚೆಗೆ, ಬಿಸಿಲಲ್ಲಿ.

ಮೊದಲ ಗಿರಾಕಿ ದೊರೆ. ಕಿಟಕಿ ಪಕ್ಕ ಒಂದು ಗಟ್ಟಿ ಮರದ ಕುರ್ಚಿ ಹಾಕಿ ಕೂರಿಸಿದೆವು, ಕೊರಳಿಗೆ ಹಳೇ ಬೆಡ್‌ಶೀಟ್ ಕಟ್ಟಿದೆವು. ನಾನು ಅಜ್ಜನ ಬೆನ್ನ ಹಿಂದೆಯೇ ಒಂದು ಸ್ಟೂಲ್ ಹಿಡಿದು ನಿಂತಿದ್ದೆ, ಕುಸಿದರೆ ಹಿಡಿಯೋಣ ಅಂತ.

"ಮೇಟ್ರಮ್ಮ, ನೀವು ಕುತ್ತಿಗೆ ಮೇಲೆ ಉಸಿರು ಬಿಡ್ತಿದ್ರೆ ನನಗೆ ಕೈ ಓಡಲ್ಲ."

ಒಂದು ಹೆಜ್ಜೆ ಹಿಂದೆ ಸರಿದೆ. ಕತ್ತರಿ ಓಡತೊಡಗಿತು. ಆ ಸದ್ದು ಕೇಳಿ ಹಾಲಿನವರೆಲ್ಲ ಇತ್ತ ತಿರುಗಿದರು, ಆಯಾ ಟಿವಿಯ ದನಿ ಕಡಿಮೆ ಮಾಡಿದಳು. ಅಜ್ಜ ಮೊಣಕಾಲನ್ನು ಕುರ್ಚಿಯ ಕಾಲಿಗೆ ಒತ್ತಿ, ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಹೆಜ್ಜೆಯಿಡುತ್ತಾ ಸುತ್ತ ತಿರುಗಿದರು. ಕೊನೆಗೆ ಕನ್ನಡಿ ಹಿಡಿದರು. ದೊರೆ ನೋಡಿಕೊಂಡರು. ಆಮೇಲೆ ಗದ್ದ ಎತ್ತಿ, "ನನ್ನ ಮಗನಿಗೆ ಫೋನ್ ಮಾಡಿ, ಬಂದು ಫೋಟೋ ತೆಗೀಲಿ" ಅಂದರು.

ಸುಳ್ಳು ಯಾಕೆ ಹೇಳಲಿ, ಒಳ್ಳೆ ಕಟಿಂಗ್. ಕತ್ತರಿಗೆ ಸಾಣೆ ಹಿಡಿಸಿದ್ದು ನಾನು.

ಮಾರ್ಚ್ ೧೭, ಸೋಮವಾರ

ಬರೆಯೋಕೆ ಹೊತ್ತೇ ಸಿಗುತ್ತಿಲ್ಲ. ಮೊದಲಾದರೆ ಮಧ್ಯಾಹ್ನ ಎಲ್ಲರೂ ಕುರ್ಚಿಯಲ್ಲೇ ತೂಕಡಿಸುವಾಗ ಬರೆಯುತ್ತಿದ್ದೆ. ಈಗ ಮಧ್ಯಾಹ್ನ ಯಾರೂ ತೂಕಡಿಸುವುದಿಲ್ಲ. ಅವರು ಎಚ್ಚರ ಇದ್ದಾರೆ, ನಾನು ತೂಕಡಿಸುತ್ತೇನೆ.

ಸಲೂನಿನ ಅಜ್ಜನನ್ನು ಈಗ ಎಲ್ಲರೂ ಮಾಸ್ಟರ್ ಅನ್ನುತ್ತಾರೆ. ಮಾಸ್ಟರ್ ಒಂದು ಕಾನೂನು ಮಾಡಿದ್ದಾರೆ. ಗಿರಾಕಿ ನಡೆದು ಬರಬೇಕು. "ಸಲೂನಿಗೆ ಯಾರನ್ನಾದ್ರೂ ಹೊತ್ಕೊಂಡು ಬರ್ತಾರಾ? ತಂದು ಹಾಕಿದ್ರೆ ಮುಟ್ಟಲ್ಲ" ಅಂತ ಹೇಳಿಬಿಟ್ಟಿದ್ದಾರೆ. ಕೋಲು ಹಿಡಿದು ಬನ್ನಿ, ವಾಕರ್ ಹಿಡಿದು ಬನ್ನಿ, ಆಯಾಳ ತೋಳು ಹಿಡಿದು ಬನ್ನಿ, ಕಾಲು ಮಾತ್ರ ನಿಮ್ಮದೇ ಆಗಿರಬೇಕು. ಕೂದಲು ಕತ್ತರಿಸುವಷ್ಟು ದಿನಾ ಎಲ್ಲಿ ಬೆಳೆಯುತ್ತದೆ, ಅದಕ್ಕೆ ಬಾಚಿಸಿಕೊಳ್ಳೋಕೆ ಬರುತ್ತಾರೆ, ಮೀಸೆ ತಿದ್ದಿಸೋಕೆ ಬರುತ್ತಾರೆ, ಸುಮ್ಮನೆ ಕನ್ನಡಿ ನೋಡೋಕೂ ಬರುತ್ತಾರೆ. ಸರದಿ ಕಾಯುವವರು ಕಿಟಕಿ ಹಿಡಿದು ನಿಂತು ಹೊರಗಿನ ಬೀದಿಯವರ ಬಗ್ಗೆ ಮಾತಾಡುತ್ತಾರೆ. ಎದುರುಮನೆಯಾಕೆ ಹೊಸ ಪರದೆ ಹಾಕಿರುವುದು ನನಗೇ ಗೊತ್ತಿರಲಿಲ್ಲ.

ಟೀಚರ್ ಮೊದಲು ಬಹಳ ಬಿಂಕ ಮಾಡಿದರು. ಎಲ್ಲರೂ ಊಟಕ್ಕೆ ಹೋದ ಮೇಲೆ, ಯಾರೂ ಇಲ್ಲ ಅಂತ ಅಂದುಕೊಂಡು, ವಾಕರ್ ತಳ್ಳಿಕೊಂಡು ಹೋಗಿ ಆ ಕುರ್ಚಿಯಲ್ಲಿ ಕೂತರು. ನಾನು ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಮಾಸ್ಟರ್ ಬಂದು ಒಂದು ಮಾತೂ ಆಡದೆ ತಲೆ ಬಾಚಿ ಪುಟ್ಟ ಗಂಟು ಹಾಕಿಕೊಟ್ಟರು. ಈಗ ಟೀಚರ್ ದಿನಾ ಕೆಲಸ ಮುಗಿದ ಮೇಲೆ ಉದ್ದ ಹಿಡಿಯ ಪೊರಕೆಯಲ್ಲಿ ಕೂದಲು ಗುಡಿಸುತ್ತಾರೆ. ಆಯಾ ಗುಡಿಸಲು ಹೋದರೆ, "ಮೂಲೆ ಬಿಟ್ಟಿದ್ದೀಯ, ಮತ್ತೆ ಮಾಡು" ಅಂತ ಅವಳಿಗೇ ಹೋಂವರ್ಕ್ ಕೊಡುತ್ತಾರೆ. ಚಹಾವನ್ನೂ ತಾವೇ ಹೋಗಿ ತಗೊಳ್ಳುತ್ತಾರೆ. ಬೇಡೋದಲ್ಲವಂತೆ ಈಗ, ಆರಿಸಿಕೊಳ್ಳೋದಂತೆ.

ಅವರ ಸೊಂಟದ ಕೆಳಗೆ ಕೂತು ಕೂತು ಆಗಿದ್ದ ಹುಣ್ಣು ಪೂರ್ತಿ ಒಣಗಿದೆ. ಹೊಸ ಮುಲಾಮು ಕೆಲಸ ಮಾಡಿತು. ಅದನ್ನು ತರಿಸಿದ್ದು ನಾನೇ. ದೊರೆಯ ಪಾದದ ಊತವೂ ಇಳಿದಿದೆ, ಅಡುಗೆಯವರಿಗೆ ಉಪ್ಪು ಕಡಿಮೆ ಮಾಡಿ ಅಂತ ಹೇಳಿದ್ದು ಒಳ್ಳೆಯದಾಯಿತು.

ಮೇಲ್ಮಹಡಿಯ ಮೇಟ್ರನ್ ಇವತ್ತು ಇಳಿದು ಬಂದು ಬಾಗಿಲಲ್ಲಿ ನಿಂತಳು. "ಏನಮ್ಮ ಇದು, ಸಂತೆ ಥರ ಇದೆ" ಅಂದಳು. ಹೊಟ್ಟೆಕಿಚ್ಚು.

ಮಾರ್ಚ್ ೨೫, ಮಂಗಳವಾರ

ಮಾಸ್ಟರ್ ಬಿದ್ದರು.

ದೊರೆಯ ಮೀಸೆ ತಿದ್ದುವಾಗ ಬಾಚಣಿಗೆ ಕೈಜಾರಿತು. ಕತ್ತರಿಯನ್ನು ಕಿಟಕಿ ಕಟ್ಟೆಯ ಮೇಲಿಟ್ಟು ಬಾಚಣಿಗೆ ಎತ್ತಿಕೊಳ್ಳಲು ಬಗ್ಗಿದರು. ನಾನು ಹಾಲಿನ ಮಧ್ಯೆ ಇದ್ದೆ, ಓಡಿದೆ, ತಲುಪಲಿಲ್ಲ. ನೆಲದಿಂದಲೇ, "ಗಿರಾಕಿಗೆ ಏನೂ ಆಗಿಲ್ಲ ತಾನೇ?" ಅಂದರು. ಎಡಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿದೆ. ಪ್ಲಾಸ್ಟರ್ ಹಾಕಿಸಿ ಕರೆತಂದೆ. ಮಗಳಿಗೆ ಫೋನ್ ಮಾಡಿದೆ.

ಇಷ್ಟೇ ಬರೆಯೋಕಾಗುವುದು.

ಮಾರ್ಚ್ ೨೭, ಗುರುವಾರ

ಮಾಸ್ಟರ್ ಮಗಳು ಬಂದಿದ್ದಳು. ಔಷಧಿ ಅಂಗಡಿ ನಡೆಸುತ್ತಾಳೆ, ಅಳೆದು ತೂಗಿ ಮಾತಾಡುವವಳು. ಇವತ್ತು ಅಳೆಯಲಿಲ್ಲ.

"ನಾನು ಅಪ್ಪನ್ನ ಇಲ್ಲಿ ಬಿಡೋವಾಗ ನೀವು ಏನಂದ್ರಿ? ನಮ್ಮಲ್ಲಿ ಯಾರೂ ಬೀಳಲ್ಲ ಅಂದ್ರಿ. ಆ ಮಾತು ನಂಬಿ ಬಿಟ್ಟು ಹೋದೆ. ಕೈಯಲ್ಲಿ ಕತ್ತರಿ ಕೊಟ್ಟು ನಿಲ್ಲಿಸಿದ್ದೀರಲ್ಲ, ಕಣ್ಣಿಗೇ ಚುಚ್ಚಿಕೊಂಡಿದ್ರೆ?"

ಕಾರ್ಯದರ್ಶಿಗಳು ಪಕ್ಕದಲ್ಲೇ ಇದ್ದರು. "ಇನ್ನು ಹಾಗಾಗಲ್ಲಮ್ಮ, ಮೇಜು ಹಾಕಿಸ್ತೀವಿ" ಅಂದರು. ನನ್ನ ಕಡೆ ನೋಡಿದರು.

ಮೇಜು ಎಳೆದು ತಂದದ್ದು ನಾನೇ, ಆಯಾ ಕೈಲಿ ಮಾಡಿಸಲಿಲ್ಲ. ಮಾಸ್ಟರ್ ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಜಾಗ ಬಿಟ್ಟುಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಬ್ರೇಕ್ ಒತ್ತಿದಾಗ ಟಕ್ ಅಂತು.

ಕತ್ತರಿಯನ್ನು ನನ್ನ ಬೀರುವಿನಲ್ಲಿ ಇಟ್ಟಿದ್ದೇನೆ.

ಏಪ್ರಿಲ್ ೧, ಮಂಗಳವಾರ

ಮಾಸ್ಟರಿಗೆ ಇವತ್ತು ಆಯಾ ಊಟ ಮಾಡಿಸಿದಳು. ಬಲಗೈ ಸರಿಯಿದೆ, ಚಮಚ ಹಿಡಿಯಬಹುದು. ಹಿಡಿಯಲಿಲ್ಲ. ಬಾಯಿ ಒರೆಸಿ, ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ದಿಂಬು ಕೊಟ್ಟು, ಸಂಜೆ ಎತ್ತಿ ಮಲಗಿಸಿದೆವು. ಎತ್ತುವಾಗ ಕಾಲು ಊರಲಿಲ್ಲ.

ಟೀಚರ್ ಚಹಾಕ್ಕೆ ಏಳಲಿಲ್ಲ. ಕೇಳಿದರೆ, "ಎದ್ದು ಏನ್ ಮಾಡ್ಲಿ?" ಅಂದರು. ಕಿಟಕಿ ಪಕ್ಕದ ಕುರ್ಚಿ ಖಾಲಿ. ದೊರೆಯ ಮೀಸೆ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ಅದನ್ನು ನೋಡಿಕೊಂಡೇ ಕೂತಿರಬೇಕು ನಾವು.

ಹಾಲ್ ಅಚ್ಚುಕಟ್ಟಾಗಿದೆ. ಯಾಕೋ ಇಡೀ ದಿನ ತಲೆನೋವು.

ಏಪ್ರಿಲ್ ೪, ಶುಕ್ರವಾರ

ಬೆಳಿಗ್ಗೆ ತಿಂಡಿ ಆದ ಮೇಲೆ ಚಕ್ರದ ಮೇಜುಗಳನ್ನೆಲ್ಲ ತಳ್ಳಿಕೊಂಡು ಹೋಗಿ ಉಗ್ರಾಣದಲ್ಲಿ ಹಾಕಿ ಬೀಗ ಹಾಕಿದೆ. ಬೀಗದ ಕೈ ನನ್ನ ಸೊಂಟದಲ್ಲಿದೆ. ಆಮೇಲೆ ಹೋಗಿ ಕಾರ್ಯದರ್ಶಿಗಳಿಗೆ ಹೇಳಿದೆ.

ಅವರು ಕನ್ನಡಕ ತೆಗೆದರು. "ಮೇಟ್ರನ್, ಮಗಳು ದೂರು ಕೊಟ್ಟರೆ?"

"ಕೊಡಲಿ ಸರ್. ಮೇಟ್ರನ್ನೇ ಮೇಜು ತೆಗೆದಳು ಅಂತ ಮಂಡಳಿಗೆ ಹೇಳಿ. ಆ ಮನುಷ್ಯ ನಿಂತು ಕೆಲಸ ಮಾಡ್ತಾ ಬಿದ್ದರು, ಕೈ ಮುರೀತು, ಆ ಕೈ ಕೂಡ್ಕೊಳ್ಳತ್ತೆ. ಈಗ ಒಂದು ವಾರ ಕೂರಿಸಿದ್ದಕ್ಕೆ ಕಾಲೇ ಊರ್ತಿಲ್ಲ. ಇದನ್ನ ಯಾವ ಪ್ಲಾಸ್ಟರ್ ಹಾಕಿ ಕೂಡಿಸೋಣ?"

"ಈ ಫಿಸಿಯೋ ಬಂದಾಗ ಮೊದಲು ವಿರೋಧ ಮಾಡಿದ್ದು ನೀವೇ ಅಲ್ವಾ?"

ಕಾರ್ಯದರ್ಶಿಗಳಿಗೆ ಈಚೆಗೆ ನೆನಪು ಕಡಿಮೆಯಾಗಿದೆ. ನಾನು ಯಾವತ್ತು ವಿರೋಧ ಮಾಡಿದ್ದೆ? ಒಂದೆರಡು ಪ್ರಶ್ನೆ ಕೇಳಿದ್ದೆ, ಅಷ್ಟೇ. ಜವಾಬ್ದಾರಿ ಇರುವವರು ಕೇಳಬೇಕು. ನನ್ನ ಅಭಿಪ್ರಾಯ ಮೊದಲಿಂದಲೂ ಇದೇ.

ಮಧ್ಯಾಹ್ನ ಫಿಸಿಯೋ ಬಂದಳು. ಅವಳೊಂದು ಪಕ್ಕ, ನಾನೊಂದು ಪಕ್ಕ ನಿಂತು ಮಾಸ್ಟರನ್ನು ಏಳಿ ಅಂದೆವು. "ಬೇಡ ತಾಯಿ, ಯಾಕೆ ನಿಮಗೆ ತೊಂದರೆ" ಅಂದರು. ದೊರೆ ತಮ್ಮ ಕುರ್ಚಿಯಿಂದ, "ಏನ್ರೀ, ನನ್ನ ಮೀಸೆ ಅರ್ಧಕ್ಕೆ ಬಿಟ್ಟು ಅಂಗಡಿ ಮುಚ್ಚಿದ್ದೀರಾ?" ಅಂತ ಗದರಿದರು. ಮಾಸ್ಟರ್ ಅತ್ತ ನೋಡಿದರು. ಮೀಸೆಯನ್ನು ನೋಡಿದರು. ಕುರ್ಚಿಯ ಕೈ ಮೇಲೆ ಬಲಗೈ ಊರಿದರು. ಎದ್ದರು. ತುಂಬಾ ಹೊತ್ತು ನಿಲ್ಲಲಾಗಲಿಲ್ಲ, ಮತ್ತೆ ಕೂತರು. ಸ್ವಲ್ಪ ಹೊತ್ತು ಬಿಟ್ಟು, ಯಾರೂ ಹೇಳದೆ, ಇನ್ನೊಂದು ಸಲ ಎದ್ದರು.

ಮಗಳಿಗೆ ಫೋನ್ ಮಾಡಿ ಹೇಳಿದೆ, ಮುಚ್ಚಿಡುವುದು ನನ್ನ ಜಾಯಮಾನವಲ್ಲ. "ಭಾನುವಾರ ಬರ್ತೀನಿ. ಬೇರೆ ಕಡೆ ಮಾತಾಡಿದ್ದೀನಿ, ಕರ್ಕೊಂಡು ಹೋಗ್ತೀನಿ" ಅಂದು ಫೋನ್ ಇಟ್ಟಳು.

ಏಪ್ರಿಲ್ ೬, ಭಾನುವಾರ

ಮಗಳು ಬಂದಳು. ಒಂದು ಖಾಲಿ ಸೂಟ್‌ಕೇಸ್ ತಂದಿದ್ದಳು. ಅಂಗಡಿ ಮುಚ್ಚಿ ನೇರ ಬಂದಿರಬೇಕು, ಕೂದಲು ಕೆದರಿತ್ತು, ಒಂದು ರಬ್ಬರ್ ಬ್ಯಾಂಡ್ ಸುತ್ತಿಕೊಂಡಿದ್ದಳು.

ಮಾಸ್ಟರ್ ಅವಳ ಸೂಟ್‌ಕೇಸ್ ನೋಡಲಿಲ್ಲ. "ಕೂದಲು ಯಾಕೆ ಹೀಗೆ ಬಿಟ್ಟಿದ್ದೀಯ?" ಅಂದರು.

"ಅಪ್ಪ, ಬಟ್ಟೆ ಎಲ್ಲ ಎಲ್ಲಿಟ್ಟಿದ್ದಾರೆ?"

"ಅದಿರಲಿ. ಬಾ ಇಲ್ಲಿ, ಕೂತ್ಕೋ."

"ಅಪ್ಪ, ನಿಮಗೆ ಕೈ..."

"ಒಂದು ಕೈ ಸರಿ ಇದೆಯಲ್ಲ. ಬಾ."

ಅವಳು ನನ್ನ ಮುಖ ನೋಡಿದಳು. ನಾನು ಕಿಟಕಿ ಪಕ್ಕದ ಕುರ್ಚಿಯನ್ನು ಸರಿ ಮಾಡಿದೆ. ಕೂತಳು. ಮಾಸ್ಟರ್ ಗೋಡೆ ಹಿಡಿದು, ಕಿಟಕಿ ಕಟ್ಟೆ ಹಿಡಿದು, ಅವಳ ಹಿಂದೆ ಬಂದು ನಿಂತರು. ರಬ್ಬರ್ ಬ್ಯಾಂಡ್ ಬಿಚ್ಚಿದರು. ಬಾಚಿದರು. ಮೂರು ಎಳೆ ಮಾಡಲು ನೋಡಿದರು, ಒಂದೇ ಕೈಯಲ್ಲಿ ಆಗಲಿಲ್ಲ.

"ಮೇಟ್ರಮ್ಮ, ಈ ಎಳೆ ಹಿಡ್ಕೊಳ್ಳಿ. ಬಿಗಿ ಬೇಡ. ಇದು ಮೇಲೆ, ಅದು ಕೆಳಗೆ. ಹಾಂ, ಹಾಗೆ."

ಅವರು ಬಲಗೈ, ನಾನು ಎಡಗೈ. ನನಗೆ ಜಡೆ ಹಾಕೋದು ಬರುವುದಿಲ್ಲ ಅಂತಲ್ಲ, ಆದರೆ ಅವರು ಹೇಳಿದ ಹಾಗೆ ಹಿಡಿದೆ. ಟೀಚರ್ ಎದ್ದು ಬಂದು, ಎಳೆಗಳು ಸಮ ಇವೆಯಾ ಅಂತ ನೋಡಿ ಹೋದರು. ಮಗಳು ಕಿಟಕಿಯ ಹೊರಗೆ ನೋಡುತ್ತಾ ಹೇಳಿದಳು, ಯಾರಿಗೆ ಹೇಳಿದಳೋ, "ಅಮ್ಮ ಹೋದ ಮೇಲೆ ಸ್ಕೂಲಿಗೆ ಹೋಗೋ ಮುಂಚೆ ಸಲೂನಲ್ಲೇ ಜಡೆ ಹಾಕ್ತಿದ್ರು. ಗಂಡಸರೆಲ್ಲ ಸೋಪು ಹಚ್ಕೊಂಡು ಕಾಯ್ತಿದ್ರು. ನನಗೆ ನಾಚಿಕೆ ಆಗೋದು."

"ಯಾರೂ ಬೇಜಾರು ಮಾಡ್ಕೋತಿರಲಿಲ್ಲ" ಅಂದರು ಮಾಸ್ಟರ್.

ಅವರ ಮೊಣಕಾಲು ಕುರ್ಚಿಯ ಬೆನ್ನಿಗೆ ತಾಗಿ ನಡುಗುತ್ತಿತ್ತು. ಅವಳಿಗೆ ಗೊತ್ತಾಯಿತು.

"ಅಪ್ಪ, ಕಾಲು ನೋಯ್ತಿದೆಯಾ?"

"ನೋಯ್ತಿದೆ. ಮುಂದೆ ನೋಡು, ತಲೆ ಆಡಿಸ್ಬೇಡ."

ಅವಳು ಮುಂದೆ ನೋಡಿದಳು. ಭುಜ ಸ್ವಲ್ಪ ಅಲುಗಾಡುತ್ತಿತ್ತು, ತಲೆ ಮಾತ್ರ ಆಡಿಸಲಿಲ್ಲ. ಜಡೆ ಮುಗಿಯಿತು. ನಾನು ಹಿಂದಿನಿಂದ ಕನ್ನಡಿ ಹಿಡಿದೆ. ಒಂದೂ ಎಳೆ ಸಡಿಲ ಇಲ್ಲ. ಅರ್ಧ ನನ್ನ ಕೈಕೆಲಸ.

ಸಂಜೆ ಗೇಟಿನವರೆಗೆ ಅವಳ ಜೊತೆ ಹೋದೆ. ಸೂಟ್‌ಕೇಸ್ ಖಾಲಿಯೇ ಇತ್ತು, ಕೈಯಲ್ಲಿ ಹಗುರವಾಗಿ ತೂಗುತ್ತಿತ್ತು. ಗೇಟಿನ ಹತ್ತಿರ ನಿಂತು, "ಮತ್ತೆ ಬಿದ್ದರೆ?" ಅಂತ ಕೇಳಿದಳು.

"ಬೀಳಬಹುದು" ಅಂದೆ. "ಬಿದ್ದರೆ ನಾನೇ ಫೋನ್ ಮಾಡ್ತೀನಿ."

ತಲೆಯಾಡಿಸಿ ಹೋದಳು.

ಏಪ್ರಿಲ್ ೧೮, ಶುಕ್ರವಾರ

ಬೀರುವಿನಲ್ಲಿದ್ದ ಕತ್ತರಿ ವಾಪಸ್ ಕೊಟ್ಟಿದ್ದೇನೆ. ಒಂದೇ ಕೈಯಲ್ಲಿ ಮಾಸ್ಟರ್ ಮೀಸೆ ತಿದ್ದುತ್ತಾರೆ, ಬಾಚುತ್ತಾರೆ. ಎರಡು ಕೈ ಬೇಕಾದ ಕೆಲಸಕ್ಕೆ ನನ್ನನ್ನು ಕರೆಯುತ್ತಾರೆ. "ಮೇಟ್ರಮ್ಮ, ಕಿವಿ ಹಿಡ್ಕೊಳ್ಳಿ" ಅಂದರೆ ಗಿರಾಕಿಯ ಕಿವಿ ಅಂತ ಅರ್ಥ, ಮೊದಲ ದಿನ ನಾನು ನನ್ನ ಕಿವಿ ಹಿಡಿದುಕೊಂಡು ಎಲ್ಲರೂ ನಕ್ಕರು.

ಮೇಲ್ಮಹಡಿಯವರು ಕೆಲವರು ಬರತೊಡಗಿದ್ದಾರೆ. ಲಿಫ್ಟಿನಿಂದ ಹಾಲಿನವರೆಗೆ ಉದ್ದದ ಪ್ಯಾಸೇಜು, ಅಲ್ಲಲ್ಲಿ ಕೂತು ಸುಧಾರಿಸಿಕೊಳ್ಳಲು ಎರಡು ಗಟ್ಟಿ ಕುರ್ಚಿ ಹಾಕಿಸಿದ್ದೇನೆ. ಅಲ್ಲಿನ ಮೇಟ್ರನ್ ನನ್ನನ್ನು ಕೇಳಿದಳು, "ಬಿದ್ದರೆ ಯಾರು ಹೊಣೆ?" ಅಂತ. ಪಾಪ, ಅವಳಿಗೆ ಇನ್ನೂ ಅನುಭವ ಸಾಲದು. ನಿಧಾನವಾಗಿ ತಿಳಿಸಿ ಹೇಳಿದೆ.

ಮೇ ೮, ಗುರುವಾರ

ಮಾಸ್ಟರ್ ಪ್ಲಾಸ್ಟರ್ ತೆಗೆದು ಮೂರು ದಿನವಾಯಿತು. ಇವತ್ತು ಬೆಳಿಗ್ಗೆ ಕನ್ನಡಿ ಮುಂದೆ ನಿಂತು ತಮ್ಮ ತಲೆ ಸವರಿಕೊಂಡು, "ಎಲ್ಲರದ್ದೂ ಆಯ್ತು, ನನ್ನದು ನೋಡಿ ಕಾಡಾಗಿದೆ. ನೀವು ಮಾತ್ರ ಕತ್ತರಿ ಮುಟ್ಟಬೇಡಿ" ಅಂದರು. ಬೀದಿಯ ಕೊನೆಗೆ ಒಂದು ಸಲೂನ್ ಇದೆಯಂತೆ, ಕಿಟಕಿಯಿಂದ ಅದರ ಬೋರ್ಡಿನ ತುದಿ ಕಾಣುತ್ತದಂತೆ. ಅಲ್ಲಿಗೆ ಹೋಗಬೇಕಂತೆ.

ಆಟೋ ಕರೆಸಲಾ ಅಂತ ಕೇಳಲಿಲ್ಲ. ಚಪ್ಪಲಿ ಬದಲಿಸಿಕೊಂಡು ಬಂದೆ.

ಕೋಲು ಅವರ ಬಲಗೈಯಲ್ಲಿ, ಎಡಗೈ ನನ್ನ ತೋಳಿನ ಮೇಲೆ. ಗೇಟು ದಾಟಿದೆವು. ಹಣ್ಣಿನ ಗಾಡಿಯವನು ಗಾಡಿಯನ್ನು ಸ್ವಲ್ಪ ಹಿಂದಕ್ಕೆ ಎಳೆದು ದಾರಿ ಬಿಟ್ಟ. ಹೊಲಿಗೆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಂಡೆವು. ಒಂದು ಕಡೆ ಕಾಲುದಾರಿಯ ಕಲ್ಲು ಎದ್ದಿತ್ತು. ಅವರು ನಿಂತರು, ಕೋಲಲ್ಲಿ ಒಂದು ಸಲ ತಟ್ಟಿ ನೋಡಿದರು, ಸುತ್ತಿಕೊಂಡು ಹೋದರು. ನಾನು ಬಾಯಿ ಬಿಡಲಿಲ್ಲ. ಹಿಂದೆ ಬರುತ್ತಿದ್ದವ ಸೈಕಲ್ಲಿನ ಬೆಲ್ ಬಾರಿಸಿದಾಗ ಮಾತ್ರ ತಿರುಗಿ, "ಕಣ್ಣು ಕಾಣಲ್ವಾ, ನಡೀತಿದ್ದೀವಿ" ಅಂದೆ.

ಸಣ್ಣ ಅಂಗಡಿ. ಎರಡು ಕುರ್ಚಿ, ಉದ್ದ ಕನ್ನಡಿ. ಅಂಗಡಿಯಾತ ನಡುವಯಸ್ಸಿನವನು, ಮುದುಕರು ಬಂದರೆಂದು ಓಡಿ ಬಂದು ಕಂಕುಳಿಗೆ ಕೈ ಹಾಕಿ ಕೂರಿಸಲು ಹೋದ. ಮಾಸ್ಟರ್ ಅವನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಕುರ್ಚಿಯ ಹಿಡಿ ಹಿಡಿದು ನಿಂತು, ಕನ್ನಡಿಯ ಕೆಳಗೆ ಜೋಡಿಸಿದ್ದ ಸಾಮಾನನ್ನೆಲ್ಲ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ಆಮೇಲೆ ತಿರುಗಿ, ತಾವಾಗಿ ಕೂತರು. ಕಾಲು ಚಾಚಿ, ತಲೆಯನ್ನು ಹಿಂದಕ್ಕೆ ಒರಗಿಸಿ, ಹಾಯಾಗಿ.

"ಯಾರಮ್ಮ ಇವರು, ನಿಮ್ಮ ತಂದೆಯವರಾ?" ಅಂತ ಅಂಗಡಿಯಾತ ಕೇಳಿದ.

"ಅಲ್ಲ" ಅಂದೆ. "ನಮ್ಮಲ್ಲಿ ಕೆಲಸ ಮಾಡ್ತಾರೆ. ಕಟಿಂಗ್ ಮಾಸ್ಟರ್."

ಮಾಸ್ಟರ್ ಕಣ್ಣು ತೆರೆಯಲಿಲ್ಲ. ಗದ್ದ ಮಾತ್ರ ಸ್ವಲ್ಪ ಮೇಲೆದ್ದಿತು.

ಅಂಗಡಿಯಾತ ಅವರನ್ನು ಇನ್ನೊಂದು ಸಲ ನೋಡಿದ. ಕೈಯಲ್ಲಿದ್ದ ಬಾಚಣಿಗೆಯನ್ನು ಬದಿಗಿಟ್ಟು, ಡ್ರಾಯರ್ ಎಳೆದು ಹೊಸದೊಂದನ್ನು ತೆಗೆದ. ಬೆಂಚು ಒರೆಸಿ ನನಗೆ ಕೂರಲು ಹೇಳಿದ. ಬೇಡ ಅಂದು, ಮುಗಿಯುವವರೆಗೂ ಅಲ್ಲೇ ಕನ್ನಡಿಯ ಪಕ್ಕ ನಿಂತು ನೋಡಿದೆ.